ಮ್ಯಾಟರ್‌ಹಾರ್ನ್: ಸಾಲ್ವೇ ಹಟ್‌ಗೇ ಐದು ಗಂಟೆ ಹಿಡಿದದ್ದು ಯಾಕೆ?

ಸ್ವಿಟ್ಜರ್ಲೆಂಡ್-ಇಟಲಿ ಗಡಿಯ ಮ್ಯಾಟರ್‌ಹಾರ್ನ್ ಶಿಖರ ಹತ್ತುವಾಗ, ದಾರಿ ನಡುವಿನ ಸಾಲ್ವೇ ಹಟ್ (ಪುಟ್ಟ ತಂಗುಮನೆ) ಸೇರಲೇ ಐದು ಗಂಟೆ ಹಿಡಿಯಿತು, ಯಾಕೆ ಎಂದು ಕೇಳಿದ್ದೀರಿ. ಕಾರಣ ನಿಮ್ಮ ದಮ್ಮಲ್ಲ, ಬಹುಶಃ ದಾರಿ. ಸ್ವಿಸ್ ಕಡೆಯ ಹೋರ್ನ್ಲಿ ಏಣಿನ (ಬೆಟ್ಟದ ಚೂಪು ಅಂಚಿನ) ಕೆಳಭಾಗದಲ್ಲಿ ಕತ್ತಲಲ್ಲಿ ಜಾಸ್ತಿ ಎಡಕ್ಕೆ, ಪೂರ್ವ ಮುಖದೊಳಗೆ ಹೋಗಿರುತ್ತೀರಿ. ಕಾಲಿಟ್ಟಲ್ಲೆಲ್ಲ ಕಲ್ಲು ಉರುಳುತ್ತಿತ್ತು ಅಂದಿದ್ದೀರಲ್ಲ, ಅದೇ ಗುರುತು. ಸರಿಯಾದ ದಾರಿಯ ಬಂಡೆ ಬೂಟು ಉಜ್ಜಿ ಉಜ್ಜಿ ನುಣುಪಾಗಿರುತ್ತದೆ. ಸಡಿಲ ಕಲ್ಲು ಸಿಕ್ಕರೆ ಮುಂದೆ ಹೋಗಬೇಡಿ, ಕೊನೆಯ ಸವೆದ ಬಂಡೆಯ ತನಕ ವಾಪಸ್ ಬನ್ನಿ.

ಮುಂದಿನ ಸಲ ಹಿಂದಿನ ದಿನ ಮಧ್ಯಾಹ್ನವೇ ಏಣಿನ ಬುಡದ ಹೋರ್ನ್ಲಿ ಹಟ್ (3260 ಮೀಟರ್) ಸೇರಿ. ಬೆಳಕಿರುವಾಗಲೇ ಮೊದಲ ಒಂದು ಗಂಟೆಯ ದಾರಿ ಹತ್ತಿ, ಇಳಿದು ನೋಡಿ. ಇಳಿಯುವಾಗ ಜಾಗ ಬೇರೆಯೇ ಕಾಣುತ್ತದೆ, ಅದಕ್ಕೇ ಎರಡೂ ಬೇಕು. ಬೆಳಿಗ್ಗೆ ಗೈಡ್‌ಗಳ ತಂಡಗಳು ಮೊದಲು ಹೊರಡಲಿ, ನೀವು ಅವರ ಹಿಂದೆ ಹೋಗಿ.

ಹಗ್ಗದ ವಿಷಯವೂ ಇದೆ. ದಾರಿಯ ಪ್ರತಿ ತುಂಡಿಗೂ ನಿಂತು ಬಿಲೇ ಮಾಡಿದ್ದರೆ (ಒಬ್ಬರು ಹತ್ತುವಾಗ ಇನ್ನೊಬ್ಬರು ನಿಂತು ಹಗ್ಗ ಹಿಡಿಯುವುದು) ಅರ್ಧ ಸಮಯ ಅಲ್ಲೇ ಹೋಗಿರುತ್ತದೆ. ಸುಲಭ ಜಾಗದಲ್ಲಿ ಇಬ್ಬರೂ ಒಟ್ಟಿಗೆ ನಡೆಯಿರಿ, ಹಗ್ಗವನ್ನು ಬಂಡೆಯ ಮೂಲೆಗಳಿಗೆ ಸುತ್ತುತ್ತಾ ಹೋಗಿ. ಸಾಲ್ವೇ ಕೆಳಗಿನ ಮೋಸ್ಲಿ ಸ್ಲ್ಯಾಬ್ ಎಂಬ ಕಡಿದಾದ ಬಂಡೆಯಲ್ಲಿ ಮಾತ್ರ ನಿಂತು ಬಿಲೇ ಮಾಡಿ. ಈ ರೂಢಿ ಇನ್ನೂ ಇಲ್ಲದಿದ್ದರೆ ಮೊದಲು ಚಿಕ್ಕ ಏಣುಗಳಲ್ಲಿ ಕಲಿಯಿರಿ, ದಯವಿಟ್ಟು.

ಹೋರ್ನ್ಲಿ ಹಟ್‌ನಿಂದ ಹೊರಟು ಮೂರು ಗಂಟೆಯೊಳಗೆ ಸಾಲ್ವೇ (4003 ಮೀಟರ್) ಬರದಿದ್ದರೆ ವಾಪಸ್ ತಿರುಗಿ. ಇಳಿಯಲು ಹತ್ತಿದಷ್ಟೇ ಹೊತ್ತು ಬೇಕು. ಆ ಹಟ್ ತುರ್ತಿಗೆ ಮಾತ್ರ, ರಾತ್ರಿ ಉಳಿಯುವ ಯೋಜನೆಗೆ ಸೇರಿಸಬೇಡಿ.

ಇಟಲಿ ಕಡೆಯ ಲಯನ್ ಏಣು ಸುಲಭವಲ್ಲ. ಅಲ್ಲಿ ಕಟ್ಟಿದ ಹಗ್ಗಗಳು ಜಾಸ್ತಿ ಇವೆ, ಆದರೆ ಹತ್ತುವುದೂ ತುಸು ಕಷ್ಟವೇ. ಹೋರ್ನ್ಲಿಗೇ ಮತ್ತೆ ಹೋಗಿ, ಹೊಸ ಹಿಮ ಬಿದ್ದಿದ್ದರೆ ಬಂಡೆ ಒಣಗುವ ತನಕ ಕಾಯಿರಿ.