ಓದುಗರ ಪ್ರಶ್ನೆ: ನೋವಿನ ಪುಡಿಯ ಜಾಡು ಹಿಡಿದ ಕಿಡ್ನಿ ತಜ್ಞೆ

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ಮನೆಮನೆಯಲ್ಲೂ ಇದ್ದ ನೋವಿನ ಪುಡಿಗೆ ಕಡಿವಾಣ ಬೀಳುವಂತೆ ಮಾಡಿದ್ದು ಒಬ್ಬ ಕಿಡ್ನಿ ವೈದ್ಯೆ ಎಂದು ಓದಿದೆ. ಅವರು ಕಂಡುಹಿಡಿದಿದ್ದೇನು? – ಓದುಗರು, ದಾವಣಗೆರೆ

ಉತ್ತರ: ಅವರು ಪ್ರಿಸಿಲ್ಲಾ ಕಿನ್‌ಕೇಡ್-ಸ್ಮಿತ್. 1926ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿ, ಅಲ್ಲಿಯೇ ವೈದ್ಯಕೀಯ ಓದಿ, ಲಂಡನ್ನಿನಲ್ಲಿ ಕೆಲಸ ಮಾಡಿ, 1958ರ ಹೊತ್ತಿಗೆ ಮೆಲ್ಬರ್ನ್‌ಗೆ ಬಂದರು. ಮದುವೆಯಾದ ಹೆಂಗಸರಿಗೆ ಆಸ್ಪತ್ರೆಯಲ್ಲಿ ಕಾಯಂ ಹುದ್ದೆ ಸಿಗದ ಕಾಲ ಅದು. ಹಾಗಾಗಿ ಸಂಶೋಧನೆಗೆ ಇಳಿದರು. ವೈದ್ಯಲೋಕಕ್ಕೆ ಅದರಿಂದ ಲಾಭವಾಯಿತು ನಿಜ, ಆದರೆ ಆ ನಿಯಮ ಅನ್ಯಾಯದ್ದೇ.

ಬೆಕ್ಸ್ ಎಂಬ ಪುಡಿಯಲ್ಲಿ ನೂರಕ್ಕೆ 42 ಪಾಲು ಆಸ್ಪಿರಿನ್, 42 ಪಾಲು ಫೆನಾಸಿಟಿನ್ ಎಂಬ ಇನ್ನೊಂದು ನೋವುನಿವಾರಕ, ಜೊತೆಗೆ ಕೆಫೀನ್ ಇತ್ತು. ಕೆಫೀನ್ ತಪ್ಪಿದರೆ ತಲೆನೋವು. ತಲೆನೋವಿಗೆ ಮತ್ತೆ ಅದೇ ಪುಡಿ. ಹೀಗೆ ದಿನಕ್ಕೆ ಹಲವು ಪೊಟ್ಟಣ, ವರ್ಷಗಟ್ಟಲೆ. ಫೆನಾಸಿಟಿನ್ ಮೇಲೆ ಸ್ವಿಟ್ಜರ್ಲೆಂಡಿನ ವೈದ್ಯರು 1953ರಲ್ಲೇ ಸಂಶಯಪಟ್ಟಿದ್ದರು. ಕಿನ್‌ಕೇಡ್-ಸ್ಮಿತ್ ತೋರಿಸಿದ್ದು, ಪೆಟ್ಟು ಮೊದಲು ಬೀಳುವುದು ಕಿಡ್ನಿಯ ಒಳತುದಿಗೆ, ಅಂದರೆ ಪ್ಯಾಪಿಲ್ಲಾಗೆ ಎಂದು. ಅಲ್ಲಿ ರಕ್ತದ ಹರಿವು ಮೊದಲೇ ಕಡಿಮೆ. ಮೂತ್ರ ಗಟ್ಟಿಯಾಗುವ ಜಾಗವೂ ಅದೇ ಆದ್ದರಿಂದ ಔಷಧಿಯ ಅಂಶ ಅಲ್ಲಿ ಸಾಂದ್ರವಾಗುತ್ತದೆ. ರಕ್ತನಾಳಗಳನ್ನು ಹಿಗ್ಗಿಸಿಡುವ ಪ್ರೋಸ್ಟಾಗ್ಲಾಂಡಿನ್‌ಗೆ ಆಸ್ಪಿರಿನ್ ತಡೆ ಹಾಕುತ್ತದೆ. ತುದಿ ಸಾಯುತ್ತದೆ, ಕಳಚಿಬಿದ್ದ ಚೂರು ಮೂತ್ರನಾಳದಲ್ಲಿ ಸಿಕ್ಕಿಕೊಂಡರೆ ಕಲ್ಲಿನಂತೆಯೇ ನೋವು. ಆಸ್ಪಿರಿನ್ ಮತ್ತು ಅದು ಬೆರೆತ ಮಿಶ್ರಣಗಳಿಂದ ಇಲಿಗಳಲ್ಲೂ ಇದೇ ಹಾನಿಯಾಗುವುದನ್ನು ಅವರ ತಂಡ 1970ರಲ್ಲಿ ತೋರಿಸಿತು. ಫೆನಾಸಿಟಿನ್ ಒಂದನ್ನೇ ದೂರಿದರೆ ಸಾಲದು ಎಂಬುದು ಆಗ ಖಚಿತವಾಯಿತು. ನನ್ನ ಮಟ್ಟಿಗೆ ಅವರ ಅತಿ ಮುಖ್ಯ ಕೆಲಸ ಇದೇ.

1979ರಲ್ಲಿ ಇಂಥ ಮಿಶ್ರಣಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವುದು ಅಲ್ಲಿ ನಿಂತಿತು. ಅವರು ಅಂತರರಾಷ್ಟ್ರೀಯ ನೆಫ್ರಾಲಜಿ ಸೊಸೈಟಿಯ ಅಧ್ಯಕ್ಷರೂ ಆಗಿದ್ದರು. 2015ರಲ್ಲಿ ತೀರಿಕೊಂಡರು.

ಪ್ರಶ್ನೆ: ನಮ್ಮ ತಂದೆಗೆ 68. ಬಿ.ಪಿ.ಗೆ ಟೆಲ್ಮಿಸಾರ್ಟನ್ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ಇದೆ. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ಡೈಕ್ಲೋಫೆನಾಕ್ ತಂದು ದಿನಾ ನುಂಗುತ್ತಾರೆ. ತೊಂದರೆಯೇ? – ಓದುಗರು, ಗದಗ

ಉತ್ತರ: ಹೌದು. ಡೈಕ್ಲೋಫೆನಾಕ್ ಕಿಡ್ನಿಯ ಸೋಸುಗಂಟಿಗೆ ರಕ್ತ ತರುವ ನಾಳವನ್ನು ಕಿರಿದು ಮಾಡುತ್ತದೆ, ಟೆಲ್ಮಿಸಾರ್ಟನ್ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ, ಮೂರನೆಯದು ಮೈಯ ನೀರನ್ನೇ ಇಳಿಸುತ್ತದೆ. ಸೋಸಲು ಬೇಕಾದ ಒತ್ತಡ ಕುಸಿಯುತ್ತದೆ. ಬೇಸಿಗೆಯಲ್ಲಿ, ವಾಂತಿ-ಭೇದಿಯಲ್ಲಿ ಅಪಾಯ ಇನ್ನೂ ಹೆಚ್ಚು.

ನಿಲ್ಲಿಸಬೇಕಾದದ್ದು ನೋವಿನ ಮಾತ್ರೆ. ಬಿ.ಪಿ. ಮಾತ್ರೆಯನ್ನು ನೀವಾಗಿ ಬಿಡಿಸಬೇಡಿ. ವಾಂತಿ-ಭೇದಿ ಶುರುವಾದರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ, ಯಾವುದನ್ನು ತಡೆಹಿಡಿಯಬೇಕೆಂದು ಕೇಳಿ. ಈ ವಾರವೇ ರಕ್ತದ ಕ್ರಿಯಾಟಿನಿನ್ (ಸ್ನಾಯುಗಳಿಂದ ಬಂದು ಕಿಡ್ನಿ ಹೊರಹಾಕುವ ಕಸ), ಪೊಟ್ಯಾಸಿಯಂ, ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ನೋಡಿಸಿ. ಕ್ರಿಯಾಟಿನಿನ್ 'ನಾರ್ಮಲ್' ಎಂದಿದ್ದರೂ ನೆಮ್ಮದಿ ಬೇಡ: ವಯಸ್ಸಾಗಿ ಸ್ನಾಯು ಕರಗಿದವರಲ್ಲಿ ಅದು ಕಡಿಮೆಯೇ ತೋರುತ್ತದೆ. ಲ್ಯಾಬಿನವರಿಂದ, ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಅಂದಾಜಿಸುವ ಇ-ಜಿಎಫ್‌ಆರ್ ಬರೆಸಿಕೊಳ್ಳಿ. ಅದು ಮೂರು ತಿಂಗಳು ದಾಟಿಯೂ 60ಕ್ಕಿಂತ ಕೆಳಗಿದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ.

ಮಂಡಿಗೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ಹಚ್ಚುವ ಜೆಲ್, ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಕಿಡ್ನಿಗೆ ಹಗುರ. ಆದರೆ ಸ್ಟ್ರಿಪ್ಪಿನ ಹಿಂಬದಿ ಓದಿ: 'ಪ್ಯಾರಾಸಿಟಮಾಲ್' ಎಂದು ಕೇಳಿ ತಂದ ಮಾತ್ರೆಯಲ್ಲಿ ಡೈಕ್ಲೋಫೆನಾಕ್ ಜಾತಿಯದೇ ಆದ ಅಸಿಕ್ಲೋಫೆನಾಕ್ ಬೆರೆತಿರುವುದು ಉಂಟು.