ಎಕ್ಸ್ ಅಂದ್ರೆ ನೋಟಾ, ದುಡ್ಡಾ?

ಹತ್ತನೇ ಕ್ಲಾಸಿನ ಗಣಿತದಲ್ಲಿ ಎರಡು ಸಮೀಕರಣ ಇಟ್ಟುಕೊಂಡು ಎಕ್ಸ್, ವೈ ಎರಡನ್ನೂ ಕಂಡುಹಿಡಿಯುವ ಅಧ್ಯಾಯದ ಬಗ್ಗೆ ಬರೆದಿದ್ದೀರಿ. ಸಮೀಕರಣ ಕೊಟ್ಟರೆ ಬಿಡಿಸುತ್ತೀರಿ, ಅದನ್ನೇ ಕಥೆ ಮಾಡಿ ಕೊಟ್ಟರೆ ಕೈ ಓಡುವುದಿಲ್ಲ. ಆದೇಶ ವಿಧಾನ (ಒಂದು ಸಮೀಕರಣದಿಂದ ಎಕ್ಸ್‌ನ ಬೆಲೆ ತೆಗೆದು ಇನ್ನೊಂದರಲ್ಲಿ ಹಾಕುವುದು) ಸುಲಭವಾ, ವರ್ಜಿಸುವ ವಿಧಾನವಾ (ಸಮೀಕರಣಗಳನ್ನು ಕೂಡಿಸಿ ಅಥವಾ ಕಳೆದು ಒಂದು ಅಕ್ಷರವನ್ನು ಹೊರಹಾಕುವುದು) ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡ್ಕೊಂಡು ಇಡೀ ವರ್ಷ ತಿರುಗಿದವನು.

2019ರ ಎಸ್ಸೆಸ್ಸೆಲ್ಸಿ, ಮಂಗಳೂರು. ಪ್ರಿಪರೇಟರಿಯಲ್ಲಿ ಬಂದ ಲೆಕ್ಕ ಇದು: ಕಂಡಕ್ಟರ್ ಒಬ್ಬರ ಬ್ಯಾಗಿನಲ್ಲಿ 10 ಮತ್ತು 20 ರೂಪಾಯಿಯ ನೋಟುಗಳು ಒಟ್ಟು 50 ಇವೆ. ಅವುಗಳ ಮೊತ್ತ 700 ರೂಪಾಯಿ. ಯಾವುದು ಎಷ್ಟು?

ನಾನು ಬರೆದದ್ದು: 'ಎಕ್ಸ್ = ಹತ್ತರ ನೋಟು, ವೈ = ಇಪ್ಪತ್ತರ ನೋಟು'. ಒಟ್ಟು 50, ಹಾಗಾಗಿ ಎಕ್ಸ್ + ವೈ = 50. ಒಟ್ಟು 700 ರೂಪಾಯಿ, ಹಾಗಾಗಿ ಎಕ್ಸ್ + ವೈ = 700. ಕಳೆದೆ. ಎಡಗಡೆ ಸೊನ್ನೆ, ಬಲಗಡೆ 650. ಇಲ್ಲಿ ಯಾರಿಗಾದರೂ ಅನುಮಾನ ಬರಬೇಕು, ಅಲ್ವಾ? ನನಗೆ ಖುಷಿಯಾಯಿತು. ಗ್ರಾಫ್‌ನಲ್ಲಿ ಇವು ಎಲ್ಲೂ ಸೇರದ ಸಮಾಂತರ ರೇಖೆಗಳು, ಪರಿಹಾರವಿಲ್ಲ ಅಂತ ಬರೆದು ಸ್ಕೇಲ್ ಇಟ್ಟು ಎರಡು ಅಡಿಗೆರೆ ಎಳೆದೆ. ನನ್ನ ಲೆಕ್ಕದ ಪ್ರಕಾರ ಅಂಥ ಬ್ಯಾಗು ಭೂಮಿ ಮೇಲೇ ಇರಲು ಸಾಧ್ಯವಿಲ್ಲ!

80ಕ್ಕೆ 26 ಬಂತು. ಆಗ ಪಾಸಾಗಲು 28 ಬೇಕಿತ್ತು. ಆ ಲೆಕ್ಕಕ್ಕಿದ್ದ 3 ಅಂಕ ಸಿಕ್ಕಿದ್ದರೆ ಪಾಸು.

ಎಡವಿದ್ದು ಎಲ್ಲಿ ಗೊತ್ತಾ? ಕಳೆಯುವಾಗ ಅಲ್ಲ. ಮೊದಲ ಸಾಲಿನಲ್ಲೇ. 'ಹತ್ತರ ನೋಟು' ಅಂದರೆ ಎಂತ? ನೋಟು ಎಷ್ಟಿವೆ ಅಂತಲಾ, ಅವುಗಳ ದುಡ್ಡು ಎಷ್ಟು ಅಂತಲಾ? ಮೊದಲ ಸಮೀಕರಣದಲ್ಲಿ ನನ್ನ ಎಕ್ಸ್ ನೋಟಿನ ಸಂಖ್ಯೆಯಾಗಿತ್ತು. ಎರಡನೆಯದಕ್ಕೆ ಬರುವಷ್ಟರಲ್ಲಿ ಸದ್ದಿಲ್ಲದೆ ರೂಪಾಯಿ ಆಗಿಬಿಟ್ಟಿತ್ತು. ಡಬ್ಬ ಅದೇ, ಒಳಗಿನ ಸಾಮಾನು ಬೇರೆ. 'ಹತ್ತರ ನೋಟುಗಳ ಸಂಖ್ಯೆ' ಅಂತ ಇನ್ನೊಂದೇ ಪದ ಸೇರಿಸಿದ್ದರೆ, ಅವುಗಳ ದುಡ್ಡು 10ಎಕ್ಸ್ ಅಂತ ಪೆನ್ನು ತಾನಾಗಿ ಬರೆಯುತ್ತಿತ್ತು. 10ಎಕ್ಸ್ + 20ವೈ = 700. ಮುಗೀತು.

ತಮಾಷೆ ಏನಂದ್ರೆ ನನ್ನ ಮಾವ ಉಡುಪಿ-ಮಂಗಳೂರು ಬಸ್ಸಿನಲ್ಲಿ ಕಂಡಕ್ಟರ್. ಸಂಜೆ ಬೆರಳ ಸಂದಿಯ ನೋಟುಗಳನ್ನು ಒಂದೊಂದಾಗಿ ಬಿಡಿಸಿ, ನೆಟ್ಟಗೆ ಮಾಡಿ ಎಣಿಸುತ್ತಿದ್ದರು. ಪ್ರಶ್ನೆಪತ್ರಿಕೆ ತೋರಿಸಿದೆ. "ಎಂತ ಮಾರಾಯ ಇದು? ಎಲ್ಲ ಹತ್ತರದ್ದೇ ಅಂತ ಇಟ್ಕೊ. ಐನೂರಾಯ್ತು. ಇನ್ನೂ ಇನ್ನೂರು ಉಂಟಲ್ಲ? ಒಂದೊಂದು ಇಪ್ಪತ್ತರ ನೋಟಿಗೆ ಹತ್ತು ಜಾಸ್ತಿ. ಹಾಗಾದ್ರೆ ಇಪ್ಪತ್ತರದ್ದು ಇಪ್ಪತ್ತು, ಹತ್ತರದ್ದು ಮೂವತ್ತು." ಎಣಿಸುವುದನ್ನು ನಿಲ್ಲಿಸಲೂ ಇಲ್ಲ. ಮೊದಲ ಸಮೀಕರಣವನ್ನು 10ರಿಂದ ಗುಣಿಸಿ ಎರಡನೆಯದರಿಂದ ಕಳೆದು ನೋಡಿ: 10ವೈ = 200. ಮಾವ ಮಾಡಿದ್ದು ಅಪ್ಪಟ ವರ್ಜಿಸುವ ವಿಧಾನ, ಹೆಸರು ಮಾತ್ರ ಅವರಿಗೆ ಗೊತ್ತಿಲ್ಲ.

ಹಾಗಾಗಿ ಬೇಜಾರಾಗಬೇಡಿ, ನಿಮ್ಮ ಪ್ರಶ್ನೆಯೇ ತಪ್ಪು ಅಂತ ನನ್ನ ಅಭಿಪ್ರಾಯ. ಎರಡೂ ವಿಧಾನದಲ್ಲಿ ಉತ್ತರ ಒಂದೇ. ಯಾವುದು ಬೇಕಾದರೂ ಹಿಡಿಯಿರಿ. ಅಂಕ ಹೋಗುವುದು ವಿಧಾನ ಶುರುವಾಗುವ ಮೊದಲು.

ಹೊಳೆಯಲ್ಲಿ ಹೋಗುವ ದೋಣಿಯ ವೇಗ ಕೇಳುವ ಲೆಕ್ಕದಲ್ಲೂ ಇದೇ ಕಥೆ. 'ಎಕ್ಸ್ = ದೋಣಿ' ಅಂತ ಬರೆಯುವವರನ್ನು ನಮ್ಮ ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ಹೊಳೆಯಾಚೆಯ ತಣ್ಣೀರುಬಾವಿಗೆ ದೋಣಿ ಹತ್ತಿಸಬೇಕು. ಎಕ್ಸ್ ಅಂದರೆ ನಿಶ್ಚಲ ನೀರಿನಲ್ಲಿ ದೋಣಿಯ ವೇಗ, ಗಂಟೆಗೆ ಇಷ್ಟು ಕಿಲೋಮೀಟರ್. ವೈ ಅಂದರೆ ಪ್ರವಾಹದ, ಅಂದರೆ ಹರಿಯುವ ನೀರಿನ, ವೇಗ. ಆಗ ಮಾತ್ರ ಪ್ರವಾಹದ ಜೊತೆಗೆ ಹೋದರೆ ಕೂಡಿಸಬೇಕು, ಎದುರು ಹೋದರೆ ಕಳೆಯಬೇಕು ಅನ್ನುವುದಕ್ಕೆ ಅರ್ಥ ಬರುತ್ತದೆ.

ಈ ಅಧ್ಯಾಯವನ್ನು ಚಾಯ್ಸ್‌ನಲ್ಲಿ ಬಿಡಬಹುದಾ ಅಂತಲೂ ಕೇಳಿದ್ದೀರಿ. ಬಿಡಬೇಡಿ. ಇವತ್ತು ಹತ್ತು ಲೆಕ್ಕ ತೆಗೆದುಕೊಳ್ಳಿ, ಒಂದನ್ನೂ ಬಿಡಿಸಬೇಡಿ. ಎಕ್ಸ್ ಏನು, ವೈ ಏನು, ಯಾವ ಅಳತೆಯಲ್ಲಿ, ಅಷ್ಟು ಬರೆದು ಪುಸ್ತಕ ಮುಚ್ಚಿ. ಬಿಡಿಸುವುದು ನಾಳೆಗಿರಲಿ.