ಅಪ್ಪಾಜಿ ನೆನಪಿನ ಬೆಂಚು

ಹತ್ತಿ ಮಿಲ್ಲಿನಲ್ಲಿ ದುಡಿದ ಅಪ್ಪಾಜಿ ನೆನಪಿಗೆ ದಾವಣಗೆರೆ ಪಾರ್ಕಿಗೆ ಬೆಂಚು ಕೊಡಬೇಕು, ಕಲ್ಲಿನದೋ ಕಬ್ಬಿಣದೋ ಅಂತ ಕೇಳಿದ್ದೀರಿ. ಕಲ್ಲಿನದೇ ಕೊಡಿ ಸರ್. ನಮ್ಮೂರ ಏಪ್ರಿಲ್ ಬಿಸಿಲಿಗೆ ಕಬ್ಬಿಣ ಮುಟ್ಟೋಕೂ ಆಗುವುದಿಲ್ಲ. ಕಲ್ಲೂ ಕಾಯುತ್ತದೆ, ಹೊಂಗೆ ಮರದ ನೆರಳು ನೋಡಿ ಹಾಕಿಸಿ.

ಹೆಸರನ್ನು ಪೇಂಟಿನಲ್ಲಿ ಬರೆಸಬೇಡಿ, ಕೆತ್ತಿಸಿ. ನಾನು ದಿನಾ ಕೂರುವ ಬೆಂಚಿನಲ್ಲಿ ಬೆನ್ನು ಉಜ್ಜಿ ಉಜ್ಜಿ ಹೆಸರು ಪೂರ್ತಿ ಅಳಿಸಿದೆ. ‘ಇವರ ಸ್ಮರಣಾರ್ಥ’ ಅನ್ನೋದಷ್ಟೇ ಉಳಿದಿದೆ. ಯಾರ ಅಪ್ಪನೋ, ಯಾರ ಅಜ್ಜಿಯೋ, ನೋಡಿದಾಗೆಲ್ಲ ಸಂಕಟ ಆಗುತ್ತದೆ.

ಮೊದಲು ಪಾರ್ಕು ಮಹಾನಗರ ಪಾಲಿಕೆಯದೋ ನಗರಾಭಿವೃದ್ಧಿ ಪ್ರಾಧಿಕಾರದ್ದೋ (ದೂಡಾ) ವಿಚಾರಿಸಿ, ಅಲ್ಲಿಗೇ ಅರ್ಜಿ ಕೊಡಿ. ಹೆಸರಿನ ಕೆಳಗೆ ‘ಮಿಲ್ ಕಾರ್ಮಿಕರು’ ಅಂತಲೂ ಕೆತ್ತಿಸಿ. ಈ ಊರು ಬೆಳೆದಿದ್ದೇ ಅವರ ದುಡಿಮೆಯಿಂದ ಅಲ್ವಾ?